ನಳದ ಮುಂದಿನ ಜಗಳ

ವೇಷ ಕಟ್ಟಿ ಪಾರ್ಟು ಮಾಡದವರು ಯಾರಿದ್ದಾರೆ ಹೇಳಿ? ಬಟ್ಟೆಗೆ ಇನ್ನೂ ಕತ್ತರಿಯನ್ನೇ ಹಾಕದೆ, "ಹುಕ್ಕ ಹಚ್ಚೂದಷ್ಟ ಉಳದೈತಿ, ನಾಳೆ ಬರ್ರಿ" ಎಂದು ನಾನೂ ದಿನಾ ಗಂಭೀರ ಮುಖ ಮಾಡಿ ಹೇಳುತ್ತೇನೆ. ಜಂಪರು ಹೊಲಿಯುವವಳ ಪಾರ್ಟು ಅದು, ನಡೆಯುತ್ತದೆ. ಆದರೆ ನಮ್ಮ ಪಾಳಾ ಊರಿನ ಗುರುಸಿದ್ದವ್ವ ಹೊತ್ತ ಪಾರ್ಟು ನನ್ನ ವೈರಿಗೂ ಬೇಡ.

ಅವಳ ಗಂಡ ಉಳವಪ್ಪನಿಗೂ ಅವನ ತಮ್ಮ ಶರಣಬಸವನಿಗೂ ಗದ್ದೆಯ ಬದುವಿನ ಮೇಲೆ ಜಗಳವಾಗಿ ಮನೆ ಎರಡಾಯಿತು. ಗಂಡಸರು ಮಾತು ಬಿಟ್ಟು ತಮ್ಮ ತಮ್ಮ ಕಟ್ಟೆಯ ಮೇಲೆ ಹಾಯಾಗಿ ಕುಳಿತರು. ಬೈದಾಡುವ ಕೆಲಸ ಹೆಂಡಂದಿರ ಕೊರಳಿಗೆ ಬಿತ್ತು. ಬೈಯದಿದ್ದರೆ "ನೀ ಆ ಮನೀ ಕಡೆಯಾಕಿ" ಎಂದು ಮನೆಯಲ್ಲಿ ರಂಪ, ಊಟದ ತಾಟು ಹಾರುವುದೂ ಇತ್ತು. ಹೀಗಾಗಿ ಮುಂಜಾನೆ ನಳಕ್ಕೆ ನೀರು ಬಂದ ಕೂಡಲೇ ಗುರುಸಿದ್ದವ್ವ ಕೊಡ ಕುಕ್ಕಿ, ಸೆರಗು ಸಿಗಿಸಿ, "ನಿನ್ನ ಹೆಣಾ ಎತ್ಲಿ!" ಎಂದು ಶುರು ಮಾಡುವಳು. ಶರಣಬಸವನ ಹೆಂಡತಿ ಲಕ್ಷ್ಮೀದೇವಿ ಅತ್ತಲಿಂದ, "ನಿನ್ನ ಬಾಯಾಗ ಮಣ್ಣ ಬೀಳ್ಲಿ!" ಎನ್ನುವಳು. ಓಣಿಯ ಮಂದಿ ಚಹಾದ ಕಪ್ಪು ಹಿಡಿದು ಈ ಪುಕ್ಕಟೆ ನಾಟಕ ನೋಡುತ್ತಿದ್ದರು.

ಮಧ್ಯಾಹ್ನ ಇಬ್ಬರೂ ನನ್ನ ಮನೆಗೆ ಬರುತ್ತಿದ್ದರು. ಒಬ್ಬಳು ಮುಂದಿನ ಹೊಲಿಗೆ ಅಂಗಡಿಯ ಬಾಗಿಲಿಂದ, ಇನ್ನೊಬ್ಬಳು ಹಿತ್ತಲಿಂದ. ಹೊಲಿಗೆ ಮಷೀನಿನ ಹಿಂದೆ ಚಾಪೆ ಹಾಸಿ ಒಂದೇ ತಾಟಿನಲ್ಲಿ ರೊಟ್ಟಿ ಮುರಿದು ತಿನ್ನುತ್ತಿದ್ದರು.

"ಯಕ್ಕಾ, ಇವತ್ತ ನನ್ನ ತವರಮನಿ ಎಳದಿ ನೋಡು, ಖರೇನ ಸಿಟ್ಟ ಬಂತು," ಎಂದು ಲಕ್ಷ್ಮೀದೇವಿ ನಗುವಳು.

"ಏನ್ ಮಾಡ್ಲೆವ್ವಾ, ನಮ್ಮನಿಯವರು ಕಟ್ಟೀ ಮ್ಯಾಲ ಕುಂತಿದ್ರು. ಸಾಕಾಗೇತಿ ನನಗ. ಒಂದಿನಾ ಸುಮ್ನ ನೀರ ತುಂಬ್ಕೊಂಡ ಮನಿಗೆ ಬರಬೇಕ ಅನಸ್ತೈತಿ."

ಆ ಒಂದು ದಿನ ಬರಲೇ ಇಲ್ಲ. ಇಬ್ಬರ ತಲೆಯೂ ಬೆಳ್ಳಗಾಯಿತು, ಜಗಳ ಮಾತ್ರ ತಪ್ಪಲಿಲ್ಲ. ಕೇಳಿ ಕೇಳಿ ನನಗೇ ದಣಿವಾಗಿತ್ತು.

ಹೋದ ವರ್ಷ ಲಕ್ಷ್ಮೀದೇವಿ ಹಾಸಿಗೆ ಹಿಡಿದಳು. ಹುಬ್ಬಳ್ಳಿಯ ಡಾಕ್ಟರರು ಮನೆಗೆ ಕರೆದುಕೊಂಡು ಹೋಗಿ ಎಂದುಬಿಟ್ಟರು. ಒಂದು ಸಲ ಮುಖ ನೋಡಿ ಬರುತ್ತೇನೆ ಎಂದು ಗುರುಸಿದ್ದವ್ವ ಗಂಡನನ್ನು ಕೇಳಿದಳು. "ಆ ಹೊಸ್ತಲಾ ತುಳದ್ರ ಹೊಳ್ಳಿ ಈ ಮನಿಗೆ ಬರಬ್ಯಾಡ," ಎಂದ ಉಳವಪ್ಪ. ಹಾಳಾದವನು, ಅಷ್ಟು ಹೇಳಿ ಚಹಾ ಕೇಳಿದನಂತೆ!

ನಾನು ನೋಡಲು ಹೋದಾಗ ಲಕ್ಷ್ಮೀದೇವಿ ನನ್ನ ಕೈ ಹಿಡಿದಳು. "ರೂಪಾಲಿ, ಯಕ್ಕಗ ಒಳಗ ಬರೂದ ಬ್ಯಾಡ ಅನ್ನು. ಬೀದ್ಯಾಗ ನಿಂತ ಬೈಯಾಕ ಹೇಳು. ಆಕೀ ದನೀನರ ಕೇಳತೇನಿ."

ಮರುದಿನದಿಂದ ಗುರುಸಿದ್ದವ್ವ ಆ ಮನೆಯ ಕಿಟಕಿಯ ಮುಂದೆ ನಿಂತು ಬೈಯತೊಡಗಿದಳು. "ನಾಟಕಾ ಮಾಡ್ಕೋತ ಮಲಗೀಯೇನ? ಎದ್ದ ಬಾ ಹೊರಗ! ಗುಳಗೀ ನುಂಗಾಕ ಏನ್ ಧಾಡಿ ನಿನಗ? ಗಂಜಿ ಕುಡಿಯಾಕ ಏನಾಗೇತಿ?" ಒಳಗಿಂದ ಸಣ್ಣ ದನಿ ಬರುತ್ತಿತ್ತು: "ನಿನ್ನ ಬಾಯಾಗ ಮಣ್ಣ ಬೀಳ್ಲಿ." ಹೆಣ ಎತ್ತುವ ಬೈಗಳನ್ನು ಗುರುಸಿದ್ದವ್ವ ಬಿಟ್ಟಿದ್ದಳು. ಅದು ನನ್ನೊಬ್ಬಳನ್ನು ಬಿಟ್ಟು ಯಾರ ಗಮನಕ್ಕೂ ಬರಲಿಲ್ಲ. ಸಾಯುವವಳನ್ನೂ ಬಿಡುವುದಿಲ್ಲವಲ್ಲ, ಎಂಥ ಹೆಂಗಸಪ್ಪಾ ಎಂದು ಓಣಿಯೆಲ್ಲ ಛೀ ಥೂ ಎಂದಿತು. ಉಳವಪ್ಪ ಮಾತ್ರ ಮೀಸೆ ತಿರುವಿದ.

ಒಂದು ಮುಂಜಾನೆ ಒಳಗಿಂದ ಉತ್ತರ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಅಳು ಕೇಳಿತು. ಸತ್ತವರನ್ನು ಕೂಡಿಸುವ ನಮ್ಮ ಪದ್ಧತಿಯಂತೆ ಲಕ್ಷ್ಮೀದೇವಿಯನ್ನು ಪಡಸಾಲೆಯಲ್ಲಿ ಗೋಡೆಗೆ ಆನಿಸಿ ಕೂಡಿಸಿ, ಹಣೆ ತುಂಬ ವಿಭೂತಿ ಹಚ್ಚಿದರು. ತೆರೆದ ಬಾಗಿಲಿಂದ ಅವಳು ಬೀದಿಗೇ ಕಾಣುತ್ತಿದ್ದಳು. ಗುರುಸಿದ್ದವ್ವ ಹೊಸ್ತಿಲ ಈಚೆಗೇ ನಿಂತಳು. ಬೀದಿಯ ಆಚೆ ತನ್ನ ಕಟ್ಟೆಯ ಮೇಲೆ ಉಳವಪ್ಪ ಕುಳಿತಿದ್ದ.

"ಯಾಕ ಸುಮ್ನ ಕುಂತಿ? ಬಾಯಿ ಬಿದ್ದೈತೇನ? ಬೈಯಿ ನನ್ನ! ಬೈಯಿ ಲಕ್ಷ್ಮೀ, ಬೈಯಿ!"

ಅವಳ ಗಂಟಲು ಹರಿದುಹೋಯಿತು. "ಹೆಣದ ಜೋಡೀನೂ ಜಗಳೇನವ್ವಾ?" ಎನ್ನುತ್ತ ಹೆಂಗಸರು ಅವಳ ರಟ್ಟೆ ಹಿಡಿದು ಎಳೆದು ತಂದು ನಮ್ಮ ಅಂಗಡಿಯ ಮೆಟ್ಟಿಲ ಮೇಲೆ ಕೂಡಿಸಿದರು. ನಾನು ನೀರು ಕೊಟ್ಟೆ.

ಉಳವಪ್ಪ ಬಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದ. "ಕಡೀತನಕಾ ನನ್ನ ಮಾನಾ ಉಳಿಸಿದಿ."

"ಹೂಂರಿ," ಎಂದಳು ಗುರುಸಿದ್ದವ್ವ. "ಇನ್ನ ನನ್ನ ಬೈಯವರು ಯಾರದಾರ?"