ತಿಳಿನೀರಿಗೆ ಬಾಯಿಟ್ಟ ಹಿಂಡು

ನೀರು ತಿಳಿಯಾದರೆ ಶುದ್ಧವಾಯಿತೆಂದು ನಿಮಗೆ ಹೇಳಿದವರು ಯಾರು?

ಕೆಲವು ವರ್ಷಗಳ ಹಿಂದೆ ನಾನು ಚಿತ್ರದುರ್ಗದ ಖಾಸಗಿ ಪ್ರಯೋಗಾಲಯವೊಂದರಲ್ಲಿ ನೀರಿನ ವಿಶ್ಲೇಷಕಿಯಾಗಿದ್ದೆ. ಹರಿಯಬ್ಬೆ ಸೀಮೆಯಲ್ಲಿ ನೂಲಿಗೆ ಬಣ್ಣ ಹಾಕುವ ಸಣ್ಣ ಘಟಕವೊಂದಿತ್ತು. ಅದರ ಕೆಂಪು ನೀರು ಹಳ್ಳ ಸೇರುತ್ತಿದೆಯೆಂಬ ದೂರು ಬಂದಾಗ, ಗ್ರಾಫೀನ್ ಬೆರೆಸಿದ ಟೈಟಾನಿಯಂ ಡೈಆಕ್ಸೈಡ್ ಲೇಪಿಸಿದ ತೊಟ್ಟಿಯನ್ನು ಪ್ರಾಯೋಗಿಕವಾಗಿ ಅಲ್ಲಿ ಕಟ್ಟಿದೆವು. ಟೈಟಾನಿಯಂ ಡೈಆಕ್ಸೈಡ್ ಬಿಸಿಲಿನ ಬಲದಿಂದ ಬಣ್ಣದ ಅಣುಗಳನ್ನು ಒಡೆಯುತ್ತದೆ. ಇಂಗಾಲದ ತೀರಾ ತೆಳು ಪದರವಾದ ಗ್ರಾಫೀನ್ ಆ ಅಣುಗಳನ್ನು ಹತ್ತಿರ ಸೆಳೆದು ಕೆಲಸವನ್ನು ಚುರುಕಾಗಿಸುತ್ತದೆ. ಮೊದಲು ಹೋಗುವುದು ಬಣ್ಣ. ಒಡೆದ ಚೂರುಗಳಲ್ಲಿ ಕೆಲವು ಮೂಲ ಬಣ್ಣಕ್ಕಿಂತಲೂ ವಿಷಕಾರಿ. ಅವು ಪೂರ್ತಿ ನಾಶವಾಗಲು ಇನ್ನೂ ಬಹಳ ಬಿಸಿಲು ಬೇಕು. ಏನಾದರೂ ಉಳಿದಿದೆಯೇ ಎಂಬುದನ್ನು ಹೇಳುವುದು ಟಿಓಸಿ ಪರೀಕ್ಷೆ, ಅಂದರೆ ನೀರಿನಲ್ಲಿರುವ ಒಟ್ಟು ಸಾವಯವ ಇಂಗಾಲದ ಅಳತೆ.

ಆ ಫಲಿತಾಂಶ ಬರುವವರೆಗೆ, ತೊಟ್ಟಿಯ ನೀರನ್ನು ಹಳ್ಳಕ್ಕೆ ಬಿಡುವ ತೂಬು ತೆಗೆಯಬಾರದೆಂದೆ. ಘಟಕದ ಮಾಲೀಕರು ನಕ್ಕರು: "ಏನ್ ಮೇಡಂ, ನೀರು ಎಳನೀರಾಗೈತೆ. ಕಣ್ಣಿಗಿಂತ ನಿಮ್ ಮಿಷಿನ್ ದೊಡ್ದಾ?"

ಮಾದರಿ ಹಿಡಿದು ನಾನು ಹೊರಟ ಮೇಲೆ ತೂಬು ತೆಗೆದರು.

ಹಳ್ಳದ ದಂಡೆಯಲ್ಲಿ ಕುರಿ ಮೇಯಿಸುತ್ತಿದ್ದ ಕರಿಯಮ್ಮನಿಗೆ ಆ ಹಿಂಡೇ ಬದುಕು. ಎಲ್ಲಿ ನೀರು ಕುಡಿಸುವುದಿದ್ದರೂ ಆಕೆ ಮುಂದಾಳು ಕುರಿಯೊಂದನ್ನೇ ಮೊದಲು ಬಿಡುತ್ತಿದ್ದಳು. ಅದು ಮೂಸಿ ಕುಡಿದರಷ್ಟೇ ಉಳಿದವು. ಕೆಂಪು ನೀರನ್ನು ಆ ಕುರಿ ಎಂದೂ ಮುಟ್ಟಿರಲಿಲ್ಲ. ಅಂದು ಕುಡಿಯಿತು. ಹಿಂಡು ಹಿಂಬಾಲಿಸಿತು.

ಇಂಗಾಲದ ಪ್ರಮಾಣ ಹೆಚ್ಚೇನೂ ಇಳಿದಿಲ್ಲವೆಂಬ ಫಲಿತಾಂಶದೊಂದಿಗೆ ನಾನು ಮರುದಿನ ಬಂದಾಗ ಅರ್ಧ ಹಿಂಡು ಕಾಲು ಚಾಚಿ ಬಿದ್ದಿತ್ತು. ಪಶುವೈದ್ಯರು ಸೀಳಿ ನೋಡಿದ ಕುರಿಯ ರಕ್ತ ಕಂದುಬಣ್ಣಕ್ಕೆ ತಿರುಗಿತ್ತು. ಒಡೆದ ಬಣ್ಣದ ಚೂರುಗಳ ವಿಷ ರಕ್ತಕ್ಕೆ ಇಳಿದರೆ ಹಾಗಾಗುತ್ತದೆ.

"ಏನೋ ಕಾಯ್ಲೆ ಬಂದಿರ್ಬೇಕು," ಎಂದರು ಮಾಲೀಕರು.

"ಕಾಯ್ಲೆನಾ? ಬರ್ರಿ ಯಜಮಾನ್ರೆ, ಕುಂತ್ಕಳ್ರಿ, ಒಂದ್ ಚೊಂಬು ಮೊಗುದ್ ಕೊಡ್ತೀನಿ. ಕುಡೀರಿ ಮತ್ತೆ!" ಎಂದಳು ಕರಿಯಮ್ಮ. ಅವರು ಮೊಬೈಲು ಕಿವಿಗಿಟ್ಟುಕೊಂಡು ಒಳಗೆ ಹೋದರು. ಆಕೆ ನನ್ನತ್ತ ತಿರುಗಿದಳು: "ಕೆಂಪಗಿದ್ದಾಗ ವಿಷ ಅಂತ ಕುರಿಗೂ ಗೊತ್ತಾಗ್ತಿತ್ತು ಕಣವ್ವ. ಆ ಗುರ್ತನ್ನೂ ಅಳಿಸಿಬಿಟ್ರಲ್ಲ."

ನಾನು ಬಗ್ಗಿ ಹಳ್ಳದ ನೀರನ್ನು ಇನ್ನೊಂದು ಬಾಟಲಿಗೆ ತುಂಬಿಕೊಂಡೆ.

ಘಟಕ ಮುಚ್ಚಿತು. ಪರಿಹಾರ ಬರಲಿಲ್ಲ. ಉಳಿದ ಕುರಿಗಳನ್ನು ಮಾರಿ ಕರಿಯಮ್ಮ ಬಬ್ಬೂರಿನ ಕಡೆ ಕೂಲಿಗೆ ಹೋದಳು. ಆ ತಂತ್ರಜ್ಞಾನದಲ್ಲಿ ನನಗೆ ಈಗಲೂ ನಂಬಿಕೆಯಿದೆ. ಅದಕ್ಕೆ ಬೇಕಾದಷ್ಟು ಸಮಯ ಕೊಡದೆ ಗೆದ್ದೆವೆಂದು ಸಾರುವವರಲ್ಲಿ ಇಲ್ಲ. ಅರ್ಧ ಮುಗಿದ ಶುದ್ಧೀಕರಣ ಕೊಳೆಗಿಂತ ಅಪಾಯಕಾರಿ ಎಂಬುದನ್ನು ಈ ವೃತ್ತಿ ನನಗೆ ಕಲಿಸಿತು.

ನಿಮ್ಮೂರಿನ ಬಳಿ ಸಂಸ್ಕರಿಸಿದ ನೀರನ್ನು ಹೊರಬಿಡುವ ಘಟಕವಿದ್ದರೆ, ಅದರ ಟಿಓಸಿ ಫಲಿತಾಂಶವನ್ನು ಮುಂದಿನ ಗ್ರಾಮಸಭೆಯಲ್ಲಿ ಎದ್ದುನಿಂತು ಕೇಳಿ. ಇಂಗಾಲ ಪೂರ್ತಿ ಇಳಿದಿದೆಯೆಂದು ಅದು ತೋರಿಸುವವರೆಗೆ ಆ ನೀರಿಗೆ ಜಾನುವಾರು ಬಿಡಬೇಡಿ.