ಮೂರನೆಯ ಗೋಳಿಬಜೆ

ತಪ್ಪು ನನ್ನ ನಾಲಿಗೆಯದು. ಒಪ್ಪಿಕೊಂಡೇ ಶುರು ಮಾಡುತ್ತೇನೆ. ಮಂಗಳೂರಿನಲ್ಲಿ ನಾನು ಹತ್ತಬೇಕಿದ್ದ ದೋಣಿ ಹೊರಡಲು ಇನ್ನೂ ಹೊತ್ತಿತ್ತು. ಹೊಳೆಬದಿಯ ಹಂಚಿನ ಕಾರ್ಖಾನೆಯ ಎದುರು ಭಟ್ಟರ ಚಹಾದಂಗಡಿ. ಆ ಜಗಲಿ ಈಗಲೂ ಕಣ್ಣ ಮುಂದಿದೆ: ಮಣ್ಣು ಹೊರುವ ಹೆಂಗಸರು, ಅವರ ನಡುವೆ ಎಲೆಯಲ್ಲಿ ಮೂರು ಗೋಳಿಬಜೆ ಹಿಡಿದು ಕೂತ ನಾನು. ಕಾರ್ಖಾನೆಯ ಧಣಿ ಗೇಟಿನಲ್ಲಿ ಯಾರನ್ನೋ ಬೈದದ್ದನ್ನು ಆಗಷ್ಟೇ ಕೇಳಿದ್ದೆ. ಆ ಧಣಿಯ ಮೂಗಿನ ಸ್ವರದಲ್ಲೇ ಘೋಷಿಸಿದೆ: "ನಾಳೆಯಿಂದ ದಿನಕ್ಕೆ ಆರಾಣೆ! ಅದಕ್ಕಿಂತ ಕಡಿಮೆ ಕೂಲಿ ಯಾರಿಗೂ ಇಲ್ಲ!"

ಹೆಂಗಸರು ಬಿದ್ದು ಬಿದ್ದು ನಕ್ಕರು. ತಟ್ಟಿಯ ಹಿಂದೆ ಬಜೆ ಕರಿಯುತ್ತಿದ್ದ ಭಟ್ಟರು ಮಾತ್ರ ಧಣಿಯೇ ಹೇಳಿದ್ದೆಂದು ನಂಬಿಬಿಟ್ಟರು. ಮುಂದಿನ ಎಲೆಗೆ ಬಿದ್ದದ್ದು ಎರಡೇ ಬಜೆ, ಬೆಲೆ ಮಾತ್ರ ಮೂರರದ್ದೇ.

ಆ ಎಲೆ ಮಣ್ಣು ಹೊರುವ ಸುಂದರಕ್ಕನದು. ಅಲ್ಲಿನ ಹೆಂಗಸರು ಎರಡು ತಿಂದು, ಮೂರನೆಯದನ್ನು ಮನೆಯ ಮಗುವಿಗೆಂದು ಸೆರಗಿಗೆ ಕಟ್ಟಿಕೊಳ್ಳುತ್ತಾರೆಂದು ನನಗೆ ತಿಳಿದದ್ದು ಆಕೆ ಖಾಲಿ ಸೆರಗು ಹಿಡಿದು ಕೂತಾಗ.

"ಭಟ್ರೇ, ಅದು ನನ್ನ ಸ್ವರ ಮಾರಾಯ್ರೇ!"

"ಯಾರದ್ದಾದರೆ ಎಂತ? ಕೂಲಿ ಏರಿದರೆ ಎಣ್ಣೆಯವ, ಹಿಟ್ಟಿನವ ಎಲ್ಲ ಏರಿಸ್ತಾರೆ. ನಾನು ಒಂದು ದಿನ ಮೊದಲು ಏರಿಸಿದೆ, ಅಷ್ಟೆ."

ಈ ಮಾತನ್ನು ಭಟ್ಟರ ಹಾಗೆ ಹೇಳಲು ಆಮೇಲೆ ಎಷ್ಟೋ ಸಲ ಯತ್ನಿಸಿದ್ದೇನೆ. ಆ ಗಾಂಭೀರ್ಯ ಬರುವುದಿಲ್ಲ, ಕಾದ ತೆಂಗಿನೆಣ್ಣೆಯ ಘಮ ಮಾತ್ರ ನೆನಪಿಗೆ ಬರುತ್ತದೆ.

ಸುಂದರಕ್ಕ ಮೆಲ್ಲನೆ ಕೈಚಾಚಿ, ನನ್ನ ಎಲೆಯಿಂದ ಒಂದು ಬಜೆ ಎತ್ತಿ ಸೆರಗಿಗೆ ಗಂಟು ಹಾಕಿದಳು.

"ಕೂಲಿ ಏರಿಸಿದ ಧಣಿಗಳು ನೀವೇ ಅಲ್ವಾ? ಮೂರನೆಯದ್ದು ನೀವೇ ಕೊಡಿ."