ಪ್ರಭುದಾಸಣ್ಣ ಬರೆದಿಟ್ಟು ಹೋದ ಕೊನೆಯ ಸಾಲು

ಇಲ್ಲ... ಇಲ್ಲ...
ಸುಳ್ಳು ಸುದ್ದಿ ಎಂದೇ ಫೋನ್ ಇಟ್ಟೆ.
ಪ್ರಭುದಾಸಣ್ಣನ ಮನೆಗೆ, ಅದೂ ಪ್ರಾರ್ಥನೆಯ ಹೊತ್ತಿಗೆ, ಮರಣ ಬರುವುದೇ?
ಚಪ್ಪಲಿ ಬಿಡು, ಮೊಬೈಲ್ ಆಫ್ ಮಾಡು, ಹಿಂದೆ ಕೂಡು... ಎಂದು ಮರಣವನ್ನೂ ಗದರಿಸಿ ಕೂಡಿಸಿಬಿಡುತ್ತಿದ್ದ!

ಆದರೆ ಬಂದಿತ್ತು...
ಇವತ್ತು ಬೆಳಿಗ್ಗೆ ಆರಕ್ಕೆ ಮೊಣಕಾಲೂರಿದವನು ಮೇಲೇಳಲಿಲ್ಲ.

ಮಿತ್ರರೇ, ಗೊತ್ತಿಲ್ಲದವರಿಗೆ ಹೇಳುತ್ತೇನೆ.
ದಿಲ್‌ಸುಖ್‌ನಗರದ ನಮ್ಮ ಕನ್ನಡ ಕ್ರೈಸ್ತ ಸಭೆಯನ್ನು ಇಪ್ಪತ್ತು ವರ್ಷ ಹಿರಿಯನಾಗಿ ನಡೆಸಿದವನು. ಬೀದರ್ ಕಡೆಯವನು.
ಪ್ರತಿ ಶನಿವಾರ ವಾಟ್ಸಾಪ್ ಗ್ರೂಪಿನಲ್ಲಿ ಉದ್ದುದ್ದ ಬರೆಯುತ್ತಿದ್ದ.
ಊಟಕ್ಕೆ ಕೂತಾಗ ನಾಲ್ಕು ಮಂದಿಗೆ ನಾಲ್ಕು ಸ್ಕ್ರೀನ್ ಇದ್ದರೆ ಆ ಮನೆಗೆ ನಾಲ್ಕು ದೇವರು... ಎಂದ. ಒಪ್ಪಿದೆ. ಈಗಲೂ ಒಪ್ಪುತ್ತೇನೆ.
ಭಾನುವಾರ ಮಾಲ್‌ಗೆ ಹೋಗಿ, ಸೋಮವಾರ ದೇವರು ಕೇಳಲಿಲ್ಲ ಎಂದು ಅಳುವವರನ್ನು ಗೇಲಿ ಮಾಡಿದ... ನಕ್ಕೆ.
ನಾನೂ ಹಳೇ ಕಾಲದ ವಿಶ್ವಾಸಿಯೇ.
ಈ ಕಾಲ ನಮ್ಮ ಮಕ್ಕಳನ್ನು ಕಸಿದುಕೊಳ್ಳುತ್ತದೆ ಎಂದು ಹೆದರಿದವನೇ.

ಅಣ್ಣ... ಇನ್ನು ನಿನ್ನ ಜೊತೆಗೇ ಮಾತು.
ನಿನ್ನ ಮಗಳನ್ನು ಯಾವ ಕಾಲವೂ ಕಸಿಯಲಿಲ್ಲ.
ನೀನೇ ಎತ್ತಿ ಎಸೆದೆ!

ಎಸ್ತೇರ ಗಚ್ಚಿಬೌಲಿಯ ಆಫೀಸಿನ ಗೆಳೆಯನನ್ನು, ಸಭೆಯ ಹೊರಗಿನ ತೆಲುಗು ಹುಡುಗನನ್ನು, ರಿಜಿಸ್ಟರ್ ಮದುವೆಯಾದಳು.
ಮುಂದಿನ ಭಾನುವಾರ ನಿನ್ನ ಕೈಯಲ್ಲಿ ಒಂದು ಚೀಟಿ.
ಪಾಸ್ಟರ್ ಓದಲು ಹಿಂಜರಿದರು. ನೀನು ನನ್ನ ಕಡೆ ತಿರುಗಿದೆ.
"ನೀ ಓದು ಲೇ. ನಿನ್ನ ದನಿ ಗಂಟಿ ಇದ್ದಂಗ ಅದ."

ಹೌದು! ಕ್ರಿಸ್ಮಸ್ ನಾಟಕದಲ್ಲಿ ಮೂವತ್ತು ವರ್ಷ ಹೆರೋದ ರಾಜನಾಗಿ ಗರ್ಜಿಸಿದವನು ನಾನು!
ಎಸ್ತೇರ ಎರಡನೇ ಸಾಲಿನಲ್ಲಿ, ತಾಯಿ ಕಮಲಕ್ಕನ ಪಕ್ಕ ಕೂತಿದ್ದಳು. ನಿನ್ನ ಆಶೀರ್ವಾದ ಬೇಡಲೆಂದು ಸ್ವೀಟ್ ಡಬ್ಬಿ ತಂದಿದ್ದಳು.
ನಾನು ನಿಲ್ಲಿಸಿ ನಿಲ್ಲಿಸಿ ಓದಿದೆ. ಕೈ ಎತ್ತಿ ಓದಿದೆ.
"ಎಸ್ತೇರ ಎಂಬಾಕೆ... ಇಂದಿನಿಂದ... ಸಭೆಯ ಅನ್ಯೋನ್ಯತೆಗೆ... ಹೊರಗು!"
ಅವಳು ಎದ್ದು ಹೋದಳು.
ಬೆಂಚಿನ ಮೇಲೆ ಉಳಿದ ಡಬ್ಬಿಯನ್ನು ನೀನು ವಾಚ್‌ಮನ್‌ಗೆ ಕೊಟ್ಟುಬಿಟ್ಟೆ. ನನ್ನ ಬೆನ್ನು ತಟ್ಟಿದೆ. "ಭಾರಿ ಓದಿದಿ!"
ಆ ಶಭಾಷ್‌ಗಿರಿಗೆ ಹಿಗ್ಗಿದೆನಲ್ಲ... ಥೂ ನನಗೆ!

ನಮ್ಮಲ್ಲಿ ಸತ್ತವರ ಜೀವನಚರಿತ್ರೆಯನ್ನು ಪೆಟ್ಟಿಗೆಯ ಮುಂದೆ ಓದುವುದು ಪದ್ಧತಿ. ಮನೆಯವರು ಅತ್ತುಕೊಂಡು ಬರೆಯುತ್ತಾರೆ.
ನೀನು ನಿನ್ನದನ್ನು ನೀನೇ ಬರೆದಿಟ್ಟು ಹೋಗಿದ್ದೀ!
ನಿನ್ನ ಮಗ ದಾನಿಯೇಲ ಇವತ್ತು ಅದನ್ನು ನನ್ನ ಕೈಗಿಟ್ಟ. ಕೊನೆಯ ಸಾಲು ಹೀಗಿದೆ.
"ಪತ್ನಿಯನ್ನೂ ಏಕಮಾತ್ರ ಸಂತಾನವಾದ ದಾನಿಯೇಲನನ್ನೂ ಬಿಟ್ಟು ಕರ್ತನ ಬಳಿಗೆ ಹೋದರು."
ಅದರ ಕೆಳಗೆ ಅಪ್ಪಣೆ... ನಾನೇ ಓದಬೇಕಂತೆ. ಒಂದಕ್ಷರ ಕೂಡಿಸಬಾರದಂತೆ.
ಏಕಮಾತ್ರ!
ಹೆಣವಾದ ಮೇಲೂ ಹೊಡೆಯುವ ಕೈ ನಿನ್ನದು.

ಕಮಲಕ್ಕ ಹಾಳೆ ಕಸಿದುಕೊಂಡಳು.
"ಹಡದಾಕಿ ಇನ್ನಾ ಬದುಕೀನಿ, ಗೊತ್ತದ ಇಲ್ಲ? ಎರಡು ಹಡದೀನಿ. ಎರಡೂ ಹೆಸರು ಓದಬೇಕು."
"ಮಮ್ಮೀ, ಡ್ಯಾಡಿದು ಕೊನೇ ಮಾತು..."
"ಅವರ ಮಾತು ಮುಗದ್ವು. ನೀ ಬಾಯಿ ಮುಚ್ಚು."

ನಾನು ಎಸ್ತೇರಳಿಗೆ ಫೋನ್ ಮಾಡಿದೆ. ಪುಣ್ಯ ಕಟ್ಟಿಕೊಳ್ಳುವ ಆತುರ ನನಗೆ!
"ಎಸ್ತೇರ, ಇವತ್ತು ನಿನ್ನ ಹೆಸರು ಗಟ್ಟಿಯಾಗಿ ಓದತೀನವ್ವಾ..."
ಅವಳು ಮಾತು ಮುಗಿಸಗೊಡಲಿಲ್ಲ.
"ಬ್ಯಾಡ್ರಿ ಅಂಕಲ್. ನಿಮ್ಮ ಬಾಯಾಗ ನನ್ನ ಹೆಸರು ಒಮ್ಮೆ ಕೇಳೀನಿ. ಸಾಕಾಗ್ಯದ. ಮಣ್ಣಿಗೆ ಬರತೀನಿ, ಅವ್ವನ ಬಾಜೂಕ ನಿಂದರತೀನಿ. ನೀವು ಬರೇ ಸುಮ್ಮನಿರ್ರಿ."

ಕ್ಷಮೆ ಕೇಳುವಷ್ಟರಲ್ಲಿ ಫೋನ್ ಕಟ್ಟಾಗಿತ್ತು...

ಸಂಜೆ ನಾಲ್ಕಕ್ಕೆ, ನಾರಾಯಣಗೂಡದ ಸಮಾಧಿ ಸ್ಥಳ. ಮಿತ್ರರೇ, ಬನ್ನಿ ಎಲ್ಲರೂ.
ನಾನು ಓದುವುದಿಲ್ಲ.
ಕಮಲಕ್ಕ ಓದುತ್ತಾಳೆ.
ಅಣ್ಣ, ಹೆಂಗಸರು ಸಭೆಯಲ್ಲಿ ಮಾತಾಡಬಾರದೆಂದು ಇಪ್ಪತ್ತು ವರ್ಷ ನೀನು ಸುಮ್ಮನೆ ಕೂಡಿಸಿದ ಹೆಂಡತಿ, ನಿನ್ನ ತಲೆದಿಕ್ಕಿನಲ್ಲಿ ನಿಂತು ಓದುತ್ತಾಳೆ.
ಎಸ್ತೇರ... ದಾನಿಯೇಲ...
ಮೊದಲು ಹುಟ್ಟಿದವಳ ಹೆಸರು ಮೊದಲು.
ತಡೆಯುವುದಿದ್ದರೆ ಎದ್ದು ಬಾ, ಪ್ರಭುದಾಸಣ್ಣ!

ನೀನು ಬರಲಾರೆ...
ಮಲಗು.
ನೀನು ಮಗಳನ್ನು ಅಳೆದ ಅಳತೆಯಿಂದ ಕರ್ತನು ನಿನ್ನನ್ನು ಅಳೆಯದಿರಲಿ.
ನಿನ್ನ ಆತ್ಮಕ್ಕೆ ಸಮಾಧಾನವಾಗಲಿ.